ಚೌಕಗಳ ಕಾಗದ ಹಿಡಿದು ಜಪಾನಿಗೆ

ಧನ್ಯಾ, ಪ್ರೀತೂ,

ಜಪಾನಿನಿಂದ ಬಂದ ಮೇಲೆ ನೀವಿಬ್ಬರೂ ಎಷ್ಟು ಸಲ ಕೇಳಿದರೂ ನಾನು "ಚೆನ್ನಾಗಿತ್ತು ಕಣ್ರಪ್ಪ" ಎಂದಷ್ಟೇ ಹೇಳಿದೆ. ಎದುರಿಗೆ ಕೂತು ಕಥೆ ಹೇಳುವುದು ನನಗೆ ಬರುವುದಿಲ್ಲ. ಯಾರಾದರೂ ಮುಖ ನೋಡುತ್ತಿದ್ದರೆ ಮಾತು ಗಂಟಲಲ್ಲೇ ಕೂತುಬಿಡುತ್ತದೆ. ಬರೆಯುವಾಗ ಯಾರೂ ನೋಡುವುದಿಲ್ಲವಲ್ಲ. ಸಾದಲಿಯ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಕಲಿತ ಕನ್ನಡ ನನ್ನದು. ತಪ್ಪಿದ್ದರೆ ನಿಮ್ಮಮ್ಮನ ಹತ್ತಿರ ತಿದ್ದಿಸಿಕೊಂಡು ಓದಿ. ನಡೆದದ್ದರಲ್ಲಿ ಅರ್ಧ ನಿಮಗೇ ಗೊತ್ತು, ದ್ರಾಕ್ಷಿ ಚಪ್ಪರ ಹತ್ತಿದವರು ನೀವೇ. ಇನ್ನರ್ಧ ಇಲ್ಲಿದೆ.

ಮೇಲೂರು, ಹೊರಡುವ ಮುಂಚೆ

ನಾನು ಈ ಮನೆಗೆ ಹೊಸ ಸೊಸೆಯಾಗಿ ಬಂದ ಕಾಲದಲ್ಲಿ ಸುಮಿಕೊ ಎನ್ನುವ ಜಪಾನಿನ ಹೆಂಗಸೊಬ್ಬರು ನಮ್ಮ ಸೀಮೆಗೆ ಬಂದಿದ್ದರು. ಬಿಳಿ ಗೂಡು ಕಟ್ಟುವ ತಳಿಯ ರೇಷ್ಮೆ ಹುಳು ಸಾಕುವುದನ್ನು ರೈತರಿಗೆ ಕಲಿಸುವುದು ಅವರ ಕೆಲಸ. ಮೇಲೂರಿನಲ್ಲಿ ನಮ್ಮ ಹುಳುಮನೆಯನ್ನೇ ಆರಿಸಿಕೊಂಡರು. ಒಂದು ವರ್ಷ ದಿನಾ ಬೆಳಿಗ್ಗೆ ಜೀಪಿನಲ್ಲಿ ಬರುತ್ತಿದ್ದರು. ನಿಮ್ಮ ತಾತ ಅವರ ಹಿಂದೆ ಹಿಂದೆಯೇ ಓಡಾಡಿ ಕೆಲಸ ಕಲಿತರು, ಕೆಲಸದ ಜೊತೆಗೆ ಅವರ ಭಾಷೆಯನ್ನೂ ಕಲಿತರು. ಅಂಗಳದ ಮಣ್ಣಿನ ಮೇಲೆ ಹಿಪ್ಪುನೇರಳೆ ಕಡ್ಡಿಯಿಂದ ಅವರು ಅಕ್ಷರ ಬರೆಯುವುದು, ಇವರು ಪಕ್ಕದಲ್ಲಿ ಕೂತು ತಿದ್ದುವುದು. ನಾನು ಬಾಗಿಲ ಹಿಂದೆ ನಿಂತು ನೋಡುತ್ತಿದ್ದೆ.

ಒಂದು ದಿನ ಸುಮಿಕೊ ಅಮ್ಮ ನನ್ನ ಕಡೆ ತಿರುಗಿ, ಕಲಿತಿದ್ದ ಚೂರುಪಾರು ಕನ್ನಡದಲ್ಲಿ "ನಿನ್ನ ಹೆಸರೇನಮ್ಮಾ?" ಎಂದು ಕೇಳಿದರು. ನಾನು ಅಡುಗೆಮನೆಗೆ ಓಡಿಹೋದೆ. ಅವರು ತಮ್ಮ ದೇಶಕ್ಕೆ ಮರಳಿ ಹೋಗುವವರೆಗೂ ಹೆಸರು ಹೇಳಲೇ ಇಲ್ಲ.

ಆಮೇಲೆ ತಾತನಿಗೂ ಅವರಿಗೂ ಕಾಗದ ಓಡಾಡತೊಡಗಿತು. ಮೊದಲು ಕೈಬರಹ. ಕೈ ನಡುಗುವುದಕ್ಕೆ ಶುರುವಾದ ಮೇಲೆ ತಾತ ಯಾರೋ ಬಳಸಿ ಬಿಟ್ಟ ಲ್ಯಾಪ್‌ಟಾಪ್ ತಂದು, ಅದಕ್ಕೆ ಜಪಾನೀ ಅಕ್ಷರ ಹಾಕಿಸಿ, ಒಂದೊಂದೇ ಕೀಲಿ ಒತ್ತಿ ಬರೆಯುತ್ತಿದ್ದರು. ಶಿಡ್ಲಘಟ್ಟದಲ್ಲಿ ಪ್ರಿಂಟ್ ತೆಗೆಸಿ ಅಂಚೆಗೆ ಹಾಕುತ್ತಿದ್ದರು. ಏನು ಬರೆಯುತ್ತಿದ್ದೀರಿ ಎಂದು ನಾನು ಕೇಳಲಿಲ್ಲ. ಗುರು ಶಿಷ್ಯರ ಮಾತು, ನನಗೇಕೆ ಎನ್ನುವುದು ಒಂದು. ಸ್ವಲ್ಪ ಹೊಟ್ಟೆಕಿಚ್ಚೂ ಇತ್ತು, ಈಗ ಹೇಳಿದರೆ ತಪ್ಪಿಲ್ಲ.

ಕೊನೆಯ ಕಾಗದ ಬರೆದು ಮುಗಿಸಿದರು. ಪ್ರಿಂಟ್ ತೆಗೆಸುವ ಮುಂಚೆಯೇ ಆಸ್ಪತ್ರೆ ಸೇರಿದರು. ಮುಂದಿನದು ನಿಮಗೆ ಗೊತ್ತು.

ಎರಡು ವರ್ಷ ಆ ಲ್ಯಾಪ್‌ಟಾಪ್ ಕಪಾಟಿನಲ್ಲೇ ಇತ್ತು. ತೆಗೆದು ನೋಡಿದರೆ ಪಕ್ಕದ ತೂತುಗಳಲ್ಲಿ ಇರುವೆಗಳು ಸಂಸಾರ ಹೂಡಿದ್ದವು, ಗುಂಡಿ ಒತ್ತಿದರೆ ಜೀವವೇ ಬರಲಿಲ್ಲ. ನಿಮ್ಮಮ್ಮ ಶಿಡ್ಲಘಟ್ಟದ ಅಂಗಡಿಗೆ ಕೊಟ್ಟಳು. ಅಂಗಡಿಯವರು ಇರುವೆ ಕೊಡವಿ, ಜೀವ ಬರಿಸಿ, ಒಳಗಿನ ವಿಂಡೋಸ್ ಅಳಿಸಿ ಹೊಸದಾಗಿ ಹಾಕಿದರು. ತಾತನ ಕಾಗದ ಇದ್ದ ಜಾಗ ಮುಟ್ಟಲಿಲ್ಲ. ಆದರೆ ಕಾಗದ ತೆರೆದರೆ ಅಕ್ಷರಗಳೇ ಇಲ್ಲ, ಸಾಲಿಗೆ ಸಾಲು ಬರೀ ಖಾಲಿ ಚೌಕ.

"ಫೈಲ್ ಕೆಟ್ಟೋಗಿದೆ ಅಮ್ಮಾ, ಡಿಲೀಟ್ ಮಾಡ್ಬಿಡ್ಲಾ?" ಎಂದರು ಅಂಗಡಿಯವರು.

"ಬ್ಯಾಡಪ್ಪಾ" ಎಂದೆ. ಅಷ್ಟು ಜೋರಾಗಿ ನಾನು ಅಂಗಡಿಯಲ್ಲಿ ಮಾತಾಡಿದ್ದು ಅದೇ ಮೊದಲು.

ಬೇಡ ಎನ್ನಲು ಕಾರಣವಿತ್ತು. ಆ ಚೌಕಗಳ ನಡುವೆ ಅಲ್ಲೊಂದು 25, ಇಲ್ಲೊಂದು 70 ಎಂದು ಅಂಕಿಗಳು ಮಾತ್ರ ನೆಟ್ಟಗೆ ಕಾಣುತ್ತಿದ್ದವು. ಇಪ್ಪತ್ತೈದು ಎಂದರೆ ಹುಳುಮನೆಯ ಬಿಸಿ, ಎಪ್ಪತ್ತು ಎಂದರೆ ತೇವ. ರೇಷ್ಮೆ ಮೊಟ್ಟೆಯೊಳಗೆ ಕಪ್ಪು ಚುಕ್ಕೆ ಕಂಡರೆ ಹುಳು ಬದುಕಿದೆ ಎಂದು ಅರ್ಥ. ನನಗೆ ಆ ಅಂಕಿಗಳು ಹಾಗೆ ಕಂಡವು. ಉಳಿದದ್ದು ನಮ್ಮ ರಟ್ಟಿನ ಚಂದ್ರಿಕೆಯ ಹಾಗೇ ಇತ್ತು. ಪುಟ್ಟ ಪುಟ್ಟ ಚೌಕದ ಮನೆಗಳಿರುವ ಆ ಚೌಕಟ್ಟನ್ನು ನೀವು ನೋಡಿದ್ದೀರಿ, ಒಂದೊಂದು ಮನೆಗೆ ಒಂದೊಂದು ಹುಳು ಹತ್ತಿ ಗೂಡು ಕಟ್ಟುತ್ತದೆ. ಹುಳು ಹತ್ತುವ ಮುಂಚೆ ಚಂದ್ರಿಕೆ ಖಾಲಿ ಕಾಣುತ್ತದೆ ಎಂದು ಯಾರಾದರೂ ಅದನ್ನು ಎಸೆಯುತ್ತಾರೆಯೇ?

ಕಾಗದವನ್ನು ಹೊರಗೆ ತೆಗೆಯುವ ದಾರಿಯೂ ಇರಲಿಲ್ಲ. ಪೆನ್ ಡ್ರೈವ್ ಚುಚ್ಚುವ ತೂತುಗಳನ್ನು ಇರುವೆ ತಿಂದಿದ್ದವು. ಇಂಟರ್ನೆಟ್ಟಿಗೆ ಅದು ಸೇರುತ್ತಿರಲಿಲ್ಲ. ಡಿಸ್ಕ್ ಇಡುವ ತಟ್ಟೆ ಒಂದು ಮಾತ್ರ ಆಚೆ ಬಂದು ಒಳಗೆ ಹೋಗುತ್ತಿತ್ತು. ಕುಡುಮಲಕುಂಟೆಯ ಕಾರ್ಖಾನೆಯಲ್ಲಿ ದಿನಾ ಯಂತ್ರಗಳ ಜೊತೆ ಇರುವ ನಿಮ್ಮಪ್ಪ "ಅತ್ತೆ, ಬಿಚ್ಚಿ ಒಳಗಿನ ಡಿಸ್ಕ್ ತೆಗೀಬೋದು" ಎಂದರು. ನಾನು ಒಪ್ಪಲಿಲ್ಲ. ಗೂಡು ಸೀಳಿದರೆ ನೂಲೆಲ್ಲ ತುಂಡಾಗುವುದನ್ನು ನೋಡಿದವಳು ನಾನು.

ಅಷ್ಟರಲ್ಲಿ ಸುಮಿಕೊ ಅಮ್ಮನ ಹಳ್ಳಿಯ ರೇಷ್ಮೆ ಸಂಘದಿಂದ ಕರೆ ಬಂತು. ಅವರು ಕೆಲಸ ಮಾಡಿದ್ದ ಊರುಗಳಿಂದ ಆರು ಮಂದಿ ಹೆಂಗಸರು ಬರಬೇಕು ಎಂದು. ನನ್ನ ಹೆಸರೂ ಇತ್ತು. ಮೊದಲು ಆಗುವುದಿಲ್ಲ ಎಂದೆ. ಆ ಸಂಜೆ ಲ್ಯಾಪ್‌ಟಾಪ್ ತೆರೆದು ಚೌಕಗಳನ್ನು ನೋಡುತ್ತ ಕೂತವಳು, ಬೆಳಿಗ್ಗೆ ಹೋಗುತ್ತೇನೆ ಎಂದೆ. ಅವರ ಅಕ್ಷರ ಅವರ ದೇಶದಲ್ಲಾದರೂ ಸಿಗದೇ ಇರುತ್ತದೆಯೇ?

ಟೋಕಿಯೊ ವಿಮಾನ ನಿಲ್ದಾಣ

ವಿಮಾನದ ಬಗ್ಗೆ ಹೇಳುವಂಥದ್ದು ಏನೂ ಇಲ್ಲ. ಕಣ್ಣು ಮುಚ್ಚಿಕೊಂಡಿದ್ದೆ. ನನ್ನ ಪಕ್ಕದಲ್ಲಿ ಶಿಡ್ಲಘಟ್ಟದ ಮುಮ್ತಾಜ್ ಕೂತಿದ್ದಳು. ಗೂಡಿನಿಂದ ನೂಲು ತೆಗೆಯುವ ರೀಲರ್ ಮನೆತನದವಳು, ಗೂಡಿನ ಮಾರುಕಟ್ಟೆಯಲ್ಲಿ ಬೆಳೆದ ಗಂಟಲು. "ಮುನಿರತ್ನಕ್ಕಾ, ಕಣ್ ಬಿಡಿ, ಮೋಡ ನೋಡಿ, ಜೂಟು ರಾಶಿ ಹಾಕ್ದಂಗಿದೆ" ಎಂದು ಹೇಳುತ್ತಲೇ ಇದ್ದಳು. ಜೂಟು ಎಂದರೆ ನೂಲು ತೆಗೆದ ಮೇಲೆ ಉಳಿಯುವ ಚಿಂದಿ ರೇಷ್ಮೆ. ಒಂದು ಕಣ್ಣು ಬಿಟ್ಟು ನೋಡಿದೆ. ನಿಜ, ಹಾಗೇ ಇತ್ತು.

ಇಳಿದ ಮೇಲೆ ಪೆಟ್ಟಿಗೆ ನೋಡುವ ಕಡೆ ನನ್ನನ್ನು ನಿಲ್ಲಿಸಿದರು. ಲ್ಯಾಪ್‌ಟಾಪನ್ನು ನಾನು ಹಳೆಯ ನೂಲಿನ ಸೀರೆಯಲ್ಲಿ ಸುತ್ತಿ, ಇರುವೆ ಮತ್ತೆ ಬಾರದಿರಲಿ ಎಂದು ಮಡಿಕೆ ಮಡಿಕೆಗೂ ಒಣಗಿದ ಬೇವಿನ ಎಲೆ ಹಾಕಿದ್ದೆ. ಬೇರೆ ದೇಶದ ಸೊಪ್ಪು ಸದೆ ಅವರ ನೆಲಕ್ಕೆ ಬರುವಂತಿಲ್ಲವಂತೆ. ಕೈಗವಸು ಹಾಕಿಕೊಂಡ ಒಬ್ಬ ಅಧಿಕಾರಿ ಚಿಮಟದಿಂದ ಒಂದೊಂದೇ ಎಲೆ ಎತ್ತಿ ಪ್ಲಾಸ್ಟಿಕ್ ಕವರಿಗೆ ಹಾಕತೊಡಗಿದ. ನನಗೆ ನೆಲ ಬಾಯಿ ಬಿಟ್ಟರೆ ಸಾಕು ಎನ್ನಿಸಿತು. ಹಿಂದೆ ಸಾಲು ನಿಂತಿದೆ, ಎಲ್ಲರೂ ನನ್ನ ಸೀರೆ ನೋಡುತ್ತಿದ್ದಾರೆ. ಆದರೆ ಅವನ ಮುಖದಲ್ಲಿ ಸಿಡುಕಿಲ್ಲ. ಎಲೆ ಮುರಿಯದ ಹಾಗೆ, ಆಗ ತಾನೇ ಮೊಟ್ಟೆಯೊಡೆದ ಚಾಕಿ ಹುಳುವನ್ನು ಗರಿಯಿಂದ ಎತ್ತಿದಷ್ಟು ಮೆತ್ತಗೆ ಎತ್ತುತ್ತಿದ್ದ. ಕೊನೆಗೆ ಸೀರೆಯನ್ನು ನಾನು ಮಡಿಸಿದ್ದಕ್ಕಿಂತ ಚೆನ್ನಾಗಿ ಮಡಿಸಿ, ಲ್ಯಾಪ್‌ಟಾಪ್ ಸುತ್ತಿ, ಎರಡು ಕೈಯಲ್ಲಿ ಹಿಡಿದು ಕೊಟ್ಟು ತಲೆ ಬಾಗಿದ. ನಾನೂ ಬಾಗಿದೆ. ಅವನು ಮತ್ತೆ ಬಾಗಿದ. ಯಾರು ಮೊದಲು ನಿಲ್ಲಿಸಬೇಕು ಎಂದು ಗೊತ್ತಾಗದೆ ನಾಲ್ಕು ಸಲ ಆಯಿತು.

"ಬನ್ರಕ್ಕಾ, ಇಲ್ಲಾಂದ್ರೆ ಇಲ್ಲೇ ಬಗ್ಗಿಬಗ್ಗಿ ಒಂದು ವಾರ ಮುಗ್ದೋಗ್ತದೆ" ಎಂದು ಮುಮ್ತಾಜ್ ಎಳೆದುಕೊಂಡು ಹೋದಳು.

ಹೊರಗೆ ಕೆಂಜಿ ಎನ್ನುವವರು ಕಾದಿದ್ದರು. ಅರವತ್ತು ದಾಟಿದವರು, ನಮ್ಮ ದುಭಾಷಿ. ಅವರಿಗೆ ಕನ್ನಡ ಬರುವುದಿಲ್ಲ, ಹಿಂದಿ ಬರುತ್ತದೆ. ಹಿಂದಿ ನನಗೆ ಬರುವುದಿಲ್ಲ, ಮುಮ್ತಾಜ್‌ಗೆ ಬರುತ್ತದೆ. ಹೀಗಾಗಿ ಆ ಎಂಟು ದಿನವೂ ಜಪಾನಿನ ಮಾತು ನನ್ನ ಕಿವಿಗೆ ಬರಬೇಕಾದರೆ ಕೆಂಜಿ ಅವರಿಂದ ಮುಮ್ತಾಜ್‌ಗೆ, ಮುಮ್ತಾಜಳಿಂದ ನನಗೆ ಎರಡು ಬಸ್ಸು ಬದಲಾಯಿಸಿ ಬರುತ್ತಿತ್ತು.

ರೈಲಿನಲ್ಲಿ

ಅಷ್ಟು ಜನ ಒಟ್ಟಿಗೆ ಸುಮ್ಮನಿರುವುದನ್ನು ನಾನು ಕಂಡಿರಲಿಲ್ಲ. ರೈಲು ತುಂಬಿತ್ತು, ಆದರೆ ಒಂದು ಮಾತಿಲ್ಲ, ಒಂದು ಫೋನಿನ ಸದ್ದಿಲ್ಲ. ಚಿಂತಾಮಣಿಯ ಟೊಮೆಟೊ ಮಂಡಿಯಲ್ಲಿ ಹರಾಜಿನ ಹೊತ್ತಿಗೆ ನಿಂತವರನ್ನು ತಂದು ಇಲ್ಲಿ ಬಿಟ್ಟರೆ ಉಸಿರುಗಟ್ಟಿ ಓಡಿಹೋಗುತ್ತಾರೆ. ನನಗೆ ಮಾತ್ರ ಹಾಯೆನ್ನಿಸಿತು. ನನ್ನಂಥವರದೇ ಒಂದು ದೇಶ ಇದೆ ಎಂದು ಇಷ್ಟು ದಿನ ಯಾರೂ ಹೇಳಿರಲಿಲ್ಲ.

ಮುಮ್ತಾಜ್‌ಗೆ ಸಂಕಟ. ನನ್ನ ಕಿವಿಯ ಹತ್ತಿರ ಬಂದು "ಅಕ್ಕಾ, ಇವ್ರಲ್ಲಿ ಯಾರಾದ್ರೂ ತೀರ್ಕೊಂಡಿದ್ದಾರಾ?" ಎಂದಳು. ನಗು ತಡೆಯಲು ಸೆರಗು ಬಾಯಿಗೆ ಒತ್ತಿಕೊಂಡೆ. ಎದುರಿನ ಸೀಟಿನ ಅಜ್ಜಿಯೊಬ್ಬರೂ ಕರವಸ್ತ್ರವನ್ನು ಬಾಯಿಗೆ ಒತ್ತಿಕೊಂಡರು. ಮಾತು ಅರ್ಥವಾಗಿರಲಿಲ್ಲ, ನಗು ಅರ್ಥವಾಗಿತ್ತು.

ಮಧ್ಯಾಹ್ನಕ್ಕೆ ಪುಟ್ಟ ಡಬ್ಬಿಯಲ್ಲಿ ಊಟ ಕೊಟ್ಟರು. ತಣ್ಣನೆಯ ಅನ್ನದ ಉಂಡೆ, ಸಾರಿಲ್ಲ. ನಾನು ಚೀಲದಿಂದ ರಾಗಿ ಹುರಿಹಿಟ್ಟಿನ ಡಬ್ಬಿ ತೆಗೆದೆ. ಆ ಡಬ್ಬಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಸುಮಿಕೊ ಅಮ್ಮನ ಹಳ್ಳಿ

ಸುತ್ತ ಬೆಟ್ಟ, ನಡುವೆ ಹಿಪ್ಪುನೇರಳೆ ತೋಟ. ನಂದಿಬೆಟ್ಟವನ್ನು ನಾಲ್ಕು ತುಂಡು ಮಾಡಿ ನಾಲ್ಕು ಮೂಲೆಗೆ ಇಟ್ಟ ಹಾಗಿತ್ತು. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗಿನ ಚಪ್ಪಲಿ ಹಾಕಿಕೊಳ್ಳಬೇಕು, ಬಚ್ಚಲಿಗೆ ಇನ್ನೊಂದು ಜೊತೆ. ಉಳಿದವರು ಅದಲು ಬದಲು ಮಾಡಿ ನಗೆಪಾಟಲಾದರು. ನಾನು ಒಂದು ಸಲವೂ ತಪ್ಪಲಿಲ್ಲ. ಅದು ನಮ್ಮ ಹುಳುಮನೆಯ ನಿಯಮ ಅಲ್ಲವೇ? ಹೊರಗಿನ ಕಾಲು ಹೊರಗೆ, ಒಳಗಿನ ಕಾಲು ಒಳಗೆ. ಈ ಹೆಂಗಸು ನಮ್ಮ ಮನೆಗೇ ಬಂದು ನಮಗೇ ಕಾಲು ತೊಳಿ ಅನ್ನುತ್ತಾಳೆ ಎಂದು ನಮ್ಮ ಅತ್ತೆ ಸುಮಿಕೊ ಅಮ್ಮನ ಮೇಲೆ ಒಂದು ವಾರ ಮುನಿಸಿಕೊಂಡಿದ್ದರು. ಪಾಪ, ಅವರ ದೇಶವೆಲ್ಲ ಹುಳುಮನೆಯಂತೆಯೇ ಇರುತ್ತದೆ ಎಂದು ಅತ್ತೆಗೆ ಹೇಗೆ ಗೊತ್ತಾಗಬೇಕು!

ಸುಮಿಕೊ ಅಮ್ಮ ಜಗಲಿಯ ಮೇಲೆ ಕೂತಿದ್ದರು. ಎಂಬತ್ತೈದರ ಮೇಲಾಗಿದೆ. ಬೆನ್ನು ಬಾಗಿದೆ, ಕಣ್ಣು ಹಾಗೇ ಇದೆ. ಎಲ್ಲರನ್ನೂ ದಾಟಿಕೊಂಡು ನನ್ನ ಮೇಲೆ ನೋಟ ನಿಲ್ಲಿಸಿ ಏನೋ ಅಂದರು. ಕೆಂಜಿ ನಕ್ಕರು, ಮುಮ್ತಾಜ್ ನಕ್ಕಳು.

"'ಬಾಗಿಲು!' ಅಂತಿದ್ದಾರೆ ಅಕ್ಕಾ. ಬಾಗಿಲ ಹಿಂದಿನ ಹುಡುಗಿ ಅಂತೆ ನೀವು."

ನಾನು ಸುತ್ತಿದ್ದ ಹಳೆಯ ಸೀರೆ ಬಿಚ್ಚಿ ಲ್ಯಾಪ್‌ಟಾಪನ್ನು ಅವರ ಮುಂದೆ ಇಟ್ಟೆ. ಕೆಂಜಿ ತಮ್ಮ ಕಡೆಯ ಪ್ಲಗ್ಗಿಗೆ ಸರಿಹೊಂದುವ ತುಂಡೊಂದನ್ನು ತಂದು ವಿದ್ಯುತ್ ಕೊಟ್ಟರು. ಕಾಗದ ತೆರೆಯಿತು. ಸುಮಿಕೊ ಅಮ್ಮ ಭೂತಗನ್ನಡಿ ಹಿಡಿದು ಬಗ್ಗಿ ನೋಡಿದರು. ಚೌಕ, ಚೌಕ, ಚೌಕ, 25, ಚೌಕ.

ಜಪಾನಿನ ನೆಲ ಮುಟ್ಟಿದ ಕೂಡಲೇ ಜಪಾನಿನ ಅಕ್ಷರ ಬಂದುಬಿಡುತ್ತದೆ ಎಂದು ಮನಸ್ಸಿನ ಮೂಲೆಯಲ್ಲಿ ನಾನು ನಂಬಿದ್ದೆ. ನೀವು ನಗುತ್ತೀರಿ, ನಗಿ.

ಎರಡನೆಯ ಚೌಕ

ಮಾರನೆಯ ದಿನ ಬೆಳಿಗ್ಗೆ ಉಳಿದವರೆಲ್ಲ ನೂಲಿನ ಗಿರಣಿ ನೋಡಲು ಹೋದರು. ಮುಮ್ತಾಜ್ ಹೋಗಲಿಲ್ಲ. ನೂಲು ಅವಳ ಮನೆಯ ಕೆಲಸ, ಆ ಗಿರಣಿ ನೋಡಬೇಕೆಂದೇ ಬಂದವಳು. "ಗಿರಣಿ ಎಲ್ಲೂ ಓಡೋಗಲ್ಲ" ಎಂದು ನನ್ನ ಪಕ್ಕದಲ್ಲೇ ಕೂತಳು. ನನ್ನ ಮಾತು ಅವರಿಗೆ ಮುಟ್ಟಲು ಅವಳಿಲ್ಲದೆ ಆಗುವುದಿಲ್ಲವಲ್ಲ.

ಕೆಂಜಿ ಲ್ಯಾಪ್‌ಟಾಪಿನ ಸೆಟ್ಟಿಂಗಿನೊಳಗೆ ಹೋದರು. ಭಾಷೆಗಳ ಪುಟ ಒಂದಿದೆ. ಅದರಲ್ಲಿ ಗುರುತು ಹಾಕುವ ಎರಡು ಸಣ್ಣ ಚೌಕ. ಮೊದಲನೆಯದಕ್ಕೆ ಗುರುತು ಬಿದ್ದಿತ್ತು, ನಮ್ಮ ಕನ್ನಡ ಕಾಣುವುದು ಅದರಿಂದಂತೆ. ಶಿಡ್ಲಘಟ್ಟದ ಅಂಗಡಿಯವರು ಅಷ್ಟು ಮಾಡಿದ್ದರು. ಎರಡನೆಯದು ಪೂರ್ವ ಏಷ್ಯಾದ ಭಾಷೆಗಳದ್ದು. ಅದು ಖಾಲಿ.

ಕೆಂಜಿ ಅದನ್ನು ಬೆರಳಿನಿಂದ ತಟ್ಟಿ ಏನೋ ಹೇಳಿದರು.

"ಅಕ್ಕಾ, ಕಾಗದ ಕೆಟ್ಟಿಲ್ವಂತೆ!" ಮುಮ್ತಾಜ್ ಎದ್ದೇ ನಿಂತಳು. "ಒಂದಕ್ಷರ ಹೋಗಿಲ್ವಂತೆ. ಎಲ್ಲ ಒಳಗೇ ಐತೆ. ತೋರ್ಸೋಕೆ ಇದರ ಹತ್ರ ಅಕ್ಷರದ ಅಚ್ಚಿಲ್ಲ, ಅದ್ಕೇ ಚೌಕ ತೋರ್ಸ್ತಾ ಇದೆ. ಇಲ್ಲೊಂದು ಗುರುತು ಹಾಕಿದ್ರೆ ಮುಗೀತು."

ಗುರುತು ಹಾಕಿದರು. ಕಂಪ್ಯೂಟರ್ ಒಂದು ಕ್ಷಣ ಯೋಚಿಸಿ, ವಿಂಡೋಸಿನ ಡಿಸ್ಕ್ ಹಾಕಿ ಎಂದಿತು.

ಕೆಂಜಿ ಊರಿನ ಪಂಚಾಯಿತಿ ಕಚೇರಿಗೆ ಸೈಕಲ್ಲಿನಲ್ಲಿ ಹೋಗಿ, ಉಗ್ರಾಣದಿಂದ ಅದೇ ಕಾಲದ ಡಿಸ್ಕೊಂದನ್ನು ಹುಡುಕಿ ತಂದರು. ಹಾಕಿದರೆ ಕಂಪ್ಯೂಟರ್ ಒಪ್ಪಲಿಲ್ಲ, ಇದಲ್ಲ ಎಂದಿತು. ಅವರ ದೇಶದ ಕಂಪ್ಯೂಟರಿಗೆ ಅವರ ಅಕ್ಷರ ಹುಟ್ಟಿನಿಂದಲೇ ಇರುತ್ತದಂತೆ, ಬೇರೆಯಾಗಿ ಹಾಕುವ ಪ್ರಶ್ನೆಯೇ ಇಲ್ಲವಂತೆ. ಜಪಾನೀ ಅಕ್ಷರ ಬೇರೆಯಾಗಿ ಇಟ್ಟಿರುವ ಡಿಸ್ಕ್ ಬೇಕಾದರೆ ಅದು ಜಪಾನಿನ ಆಚೆ ಇರುವವರ ಹತ್ತಿರವೇ ಇರಬೇಕು!

"ನಿಮ್ಮೆಜಮಾನ್ರು ಮೊದ್ಲು ಅಕ್ಷರ ಹಾಕ್ಸಿದ್ರಲ್ಲ, ಆ ಡಿಸ್ಕ್ ಎಲ್ಲೈತೆ ಅಂತಿದ್ದಾರೆ" ಎಂದಳು ಮುಮ್ತಾಜ್.

ನನಗೆ ಥಟ್ಟನೆ ನೆನಪಾಯಿತು. ತಾತನ ಮೇಜಿನ ಡ್ರಾಯರಿನಲ್ಲಿ ಒಂಬತ್ತು ಡಿಸ್ಕ್ ಇದ್ದವು. ಗೊರವಂಕಗಳು ದ್ರಾಕ್ಷಿ ತಿನ್ನುತ್ತಿವೆ ಎಂದು, ಹೊರಡುವುದಕ್ಕೆ ಹದಿನೈದು ದಿನ ಮುಂಚೆ, ನಾನೇ ಒಂಬತ್ತಕ್ಕೂ ದಾರ ಪೋಣಿಸಿ, ಹೊಳಪಿಗೆ ಹೆದರಲಿ ಎಂದು ಚಪ್ಪರಕ್ಕೆ ನೇತುಹಾಕಿದ್ದೆ.

ಹೇಳಲೋ ಬೇಡವೋ ಎಂದು ಸೆರಗಿನ ತುದಿ ತಿರುಚುತ್ತ ಕೂತೆ. ಕೊನೆಗೆ ಮುಮ್ತಾಜ್ ಕಿವಿಯಲ್ಲಿ ಹೇಳಿದೆ. ಅವಳು ಜೋರಾಗಿ ಕೆಂಜಿಗೆ ಹೇಳಿದಳು. ಕೆಂಜಿ ಅದನ್ನು ಸುಮಿಕೊ ಅಮ್ಮನಿಗೆ ಹೇಳುವಾಗ ಎರಡು ಕೈಯಲ್ಲಿ ಹಕ್ಕಿಯ ರೆಕ್ಕೆ ಮಾಡಿ ತೋರಿಸಿದರು. ಸುಮಿಕೊ ಅಮ್ಮ ನಕ್ಕು ನಕ್ಕು ಕಣ್ಣೊರೆಸಿಕೊಂಡು ತೋಟದ ಕಡೆ ಕೈ ತೋರಿಸಿದರು. ಅವರ ಚೆರಿ ಮರದಲ್ಲೂ ನಾಲ್ಕು ಡಿಸ್ಕ್ ತಿರುಗುತ್ತಿದ್ದವು!

ಆಗ ನಿಮಗೆ ಫೋನ್ ಮಾಡಿದ್ದು. ಜಪಾನಿನಲ್ಲಿ ಊಟದ ಹೊತ್ತು, ಇಲ್ಲಿ ನೀವು ತಿಂಡಿ ತಿನ್ನುತ್ತಿದ್ದಿರಿ. ಬೇಸಿಗೆ ರಜೆಗೆ ಗೌರಿಬಿದನೂರಿನಿಂದ ಮೇಲೂರಿಗೆ ಬಂದಿದ್ದು ಒಳ್ಳೆಯದೇ ಆಯಿತು.

"ಅಜ್ಜೀ, ಯಾವ್ ಡಿಸ್ಕು? ಒಂಬತ್ತೂ ಒಂದೇ ಥರ ಹೊಳೀತಾವೆ" ಎಂದು ಧನ್ಯ ಚಪ್ಪರದ ಮೇಲಿನಿಂದ ಕಿರುಚಿದ್ದು ಇಡೀ ಜಗಲಿಗೆ ಕೇಳಿಸಿತು.

"ತಾತನ ಕೈಬರಹ ಇರ್ತದೆ ನೋಡಮ್ಮಾ. ಕರೀ ಶಾಯಿ."

"ಮೂರರಲ್ಲಿ ಶಾಯಿ ಐತೆ. ಒಂದು ಭಜನೆ. ಒಂದ್ರ ಮೇಲೆ ನಿಮ್ ಮದ್ವೆ ಅಂತ ಬರ್ದಿದ್ದಾರೆ. ಅಜ್ಜೀ, ಮದ್ವೆ ಡಿಸ್ಕನ್ನೂ ನೇತಾಕ್ಬಿಟ್ಟಿದ್ದೀರಾ?"

"ಮೂರನೇದು ಹೇಳೇ!"

"ಜಪಾನಿ ಅಕ್ಷರ ಇದರಲ್ಲಿದೆ, ಎಸೆಯಬೇಡಿ. ಹಂಗಂತ ಬರ್ದಿದೆ. ಮೇಲೆ ಹಕ್ಕಿ ಹಿಕ್ಕೆ."

ಕೆಳಗೆ ಏಣಿ ಹಿಡಿದಿದ್ದ ಪ್ರೀತು "ಎಸೀಲಿಲ್ವಲ್ಲ, ನೇತಾಕಿದ್ದು ಅಷ್ಟೇ" ಎಂದು ನನ್ನ ಪರವಾಗಿ ವಾದಿಸಿದ್ದೂ ಕೇಳಿಸಿತು. ಚಿನ್ನ ಕಣೋ ನೀನು.

ಜ್ವರಕ್ಕೆ ಕೂತ ಕಂಪ್ಯೂಟರು

ನಿಮ್ಮಮ್ಮ ಆ ಡಿಸ್ಕನ್ನು ತೊಳೆದು, ಮೆತ್ತನೆಯ ಬಟ್ಟೆಯಲ್ಲಿ ಒರೆಸಿ, ಶಿಡ್ಲಘಟ್ಟದ ಅದೇ ಅಂಗಡಿಗೆ ಒಯ್ದಳು. ಕೆಟ್ಟುಹೋಗಿದೆ ಎಂದಿದ್ದವರೇ ನಾಚಿಕೊಂಡು, ತಮ್ಮ ಕೆಲಸವೆಲ್ಲ ಬಿಟ್ಟು, ಅದರೊಳಗಿನದನ್ನು ಇಂಟರ್ನೆಟ್ಟಿನಲ್ಲಿ ಕೆಂಜಿಗೆ ಕಳಿಸಿದರು. ಕೆಂಜಿ ಅದನ್ನು ಹೊಸ ಡಿಸ್ಕಿಗೆ ಇಳಿಸಿದರು. ಮಾರನೆಯ ದಿನ ಬೆಳಿಗ್ಗೆ ಲ್ಯಾಪ್‌ಟಾಪಿನ ತಟ್ಟೆ ಆಚೆ ಬಂತು, ಡಿಸ್ಕ್ ನುಂಗಿಕೊಂಡು ಒಳಗೆ ಹೋಯಿತು. ಮೇಲೂರಿನ ಚಪ್ಪರದಿಂದ ಹೊರಟ ಅಕ್ಷರ ಹೀಗೆ ಜಪಾನಿಗೆ ಬಂತು.

ಪರದೆಯ ಮೇಲೆ ಹಸಿರು ಪಟ್ಟಿಯೊಂದು ಆಮೆಯ ಹಾಗೆ ಹೊರಟಿತು. ಅರ್ಧಕ್ಕೆ ಬಂದು ನಿಂತುಬಿಟ್ಟಿತು. ಮುಮ್ತಾಜ್ ಯಾವುದಾದರೂ ಗುಂಡಿ ಒತ್ತೋಣ ಎಂದು ಕೈ ಚಾಚಿದಳು.

"ಮುಟ್ಬೇಡ ಕಣೇ!" ಎಂದೆ. "ಜ್ವರಕ್ಕೆ ಕೂತಿದೆ."

ಹುಳು ಪೊರೆ ಬಿಡುವ ಮುಂಚೆ ಮೇವು ಬಿಟ್ಟು, ತಲೆ ಎತ್ತಿ, ಅಲ್ಲಾಡದೆ ಕೂರುತ್ತದಲ್ಲ, ಅದಕ್ಕೆ ನಾವು ಜ್ವರ ಎನ್ನುತ್ತೇವೆ. ಆಗ ಯಾರೂ ಅದನ್ನು ಮುಟ್ಟಬಾರದು, ತಟ್ಟೆ ಅಲುಗಿಸಬಾರದು. ಮುಮ್ತಾಜ್ ನನ್ನ ಮಾತನ್ನು ಕೆಂಜಿಗೆ ಹೇಳಿದಳು, ಕೆಂಜಿ ಸುಮಿಕೊ ಅಮ್ಮನಿಗೆ ಹೇಳಿದರು. ಸುಮಿಕೊ ಅಮ್ಮ ಗಂಭೀರವಾಗಿ ತಲೆಯಾಡಿಸಿ, ಬೆಳಕು ಬೀಳದ ಹಾಗೆ ಕಿಟಕಿಯ ಪರದೆ ಎಳೆದರು. ನಾವು ನಾಲ್ವರೂ ಒಂದು ಕಂಪ್ಯೂಟರಿನ ಜ್ವರ ಕಾದೆವು.

ಪಟ್ಟಿ ಮತ್ತೆ ಹೊರಟಿತು. ಮುಗಿಯಿತು. ಕಂಪ್ಯೂಟರ್ ತಾನೇ ಆರಿ, ತಾನೇ ಹತ್ತಿಕೊಂಡಿತು. ಕೆಂಜಿ ಕಾಗದ ತೆರೆದರು.

ಚೌಕಗಳೆಲ್ಲ ತುಂಬಿದ್ದವು. ಒಂದೊಂದು ಮನೆಯಲ್ಲೂ ಒಂದೊಂದು ಅಕ್ಷರ ಕೂತಿತ್ತು. ನನಗೆ ಒಂದೂ ಓದಲು ಬರುವುದಿಲ್ಲ, ಆದರೂ ಎಲ್ಲ ಗೂಡೂ ಚೆನ್ನಾಗಿ ಕಟ್ಟಿದೆ ಎಂದು ನೋಡಿದ ಕೂಡಲೇ ಗೊತ್ತಾಯಿತು.

ಕಾಗದ

ಸುಮಿಕೊ ಅಮ್ಮ ಭೂತಗನ್ನಡಿಯಿಂದ ಒಂದೊಂದು ಸಾಲು ಗಟ್ಟಿಯಾಗಿ ಓದಿದರು. ಕೆಂಜಿ ಹಿಂದಿಯಲ್ಲಿ, ಮುಮ್ತಾಜ್ ಕನ್ನಡದಲ್ಲಿ. ನಿಮ್ಮ ತಾತನ ಮಾತು ಶಿಡ್ಲಘಟ್ಟದ ಮಾರುಕಟ್ಟೆಯ ಗಂಟಲಿನಲ್ಲಿ ನನಗೆ ಕೇಳಿಸಿತು.

"ಗುರುಗಳಿಗೆ ನಮಸ್ಕಾರ. ಈ ಬೆಳೆ ಇಪ್ಪತ್ತೈದು ಡಿಗ್ರಿ, ತೇವ ಎಪ್ಪತ್ತು... ಹುಳು ನಾಲ್ಕನೇ ಜ್ವರದಿಂದ ಎದ್ದಿದೆ... ಸೊಪ್ಪು ಚೆನ್ನಾಗಿದೆ... ಅಕ್ಕಾ, ಏನಿದು, ಬರೀ ಹವಾಮಾನ ವರದಿ!" ಎಂದು ಮುಮ್ತಾಜ್ ಬೇಸರಪಟ್ಟಳು.

"ಮುಂದಕ್ಕೆ ಹೇಳು" ಎಂದೆ. ನನಗೆ ಹವಾಮಾನವೂ ಸಾಕಾಗಿತ್ತು.

ಮುಂದಿನ ಸಾಲಿಗೆ ಬಂದು ಸುಮಿಕೊ ಅಮ್ಮ ಓದು ನಿಲ್ಲಿಸಿದರು. ನನ್ನ ಕಡೆ ನೋಡಿದರು. ಆಮೇಲೆ ನಿಧಾನವಾಗಿ ಓದಿದರು. ಮುಮ್ತಾಜ್ ದನಿಯೂ ತಗ್ಗಿತು.

"ಒಂದು ವಿಷ್ಯ ನಿಮ್ಮಿಂದ ಇಷ್ಟು ವರ್ಷ ಮುಚ್ಚಿಟ್ಟೆ. ನನ್ನನ್ನ ಒಳ್ಳೆ ಶಿಷ್ಯ ಅಂತ ಪ್ರತಿ ಕಾಗದದಲ್ಲೂ ಹೊಗಳ್ತೀರಿ. ನೀವು ನನಗೆ ಹೇಳಿಕೊಟ್ಟಿದ್ದನ್ನ ನನ್ನ ಮನೆಯವಳು ಬಾಗಿಲ ಹಿಂದೆ ನಿಂತು ಕಲಿತಳು. ನಾನು ಅರ್ಧ ಮರೆತೆ, ಅವಳು ಮರೀಲಿಲ್ಲ. ಹುಳು ಗೂಡು ಕಟ್ಟೋಷ್ಟು ಹಣ್ಣಾಗಿದೆಯಾ ಅಂತ ನೋಡೋಕೆ ನಾನು ಬೆಳಕಿಗೆ ಹಿಡೀಬೇಕು. ಅವಳು ತಟ್ಟೆ ಪಕ್ಕ ನಡೆದುಹೋದ್ರೆ ಸಾಕು. ಹೊಗಳಿಕೆಯೆಲ್ಲ ಅವಳಿಗೆ ಸೇರಬೇಕಾದ್ದು. ಇದನ್ನ ಅವಳಿಗೇ ಹೇಳ್ಬೇಕು ಅಂತ ಎಷ್ಟೋ ಸಲ ಹೋಗ್ತೀನಿ. ಅವಳ ಎದುರಿಗೆ ನಿಂತ್ರೆ ನನಗೆ ಮಾತು ಬರಲ್ಲ."

ನಾಚಿಕೆ ನನಗೊಬ್ಬಳಿಗೇ ಎಂದುಕೊಂಡು ಅಷ್ಟು ವರ್ಷ ಸಂಸಾರ ಮಾಡಿದ್ದೆ ನೋಡಿ! ಅಳು ಬರುತ್ತದೆ ಎಂದುಕೊಂಡೆ, ನಗು ಬಂತು. ಒಂದೇ ಹುಳುಮನೆಯಲ್ಲಿ ಇಬ್ಬರು ಮೂಕರು, ಮಧ್ಯದಲ್ಲಿ ಸಾವಿರಾರು ಹುಳುಗಳು ಸೊಪ್ಪು ತಿನ್ನುವ ಸದ್ದು.

ಕಾಗದದ ಕೊನೆಯಲ್ಲಿ ತಾತ ಒಂದು ಪ್ರಶ್ನೆ ಕೇಳಿದ್ದರು. ಮಳೆಗಾಲದಲ್ಲಿ ಚಂದ್ರಿಕೆ ಹತ್ತಿದ ಹುಳು ನಿಲ್ಲುತ್ತಿಲ್ಲ, ಅಲೆದಾಡಿ ಕೆಳಗೆ ಬೀಳುತ್ತವೆ, ಗೂಡು ತೆಳ್ಳಗಾಗುತ್ತದೆ. ಏನು ಮಾಡಲಿ, ಗುರುಗಳೇ?

ಸುಮಿಕೊ ಅಮ್ಮ ಭೂತಗನ್ನಡಿ ಕೆಳಗಿಟ್ಟು, ಬೆನ್ನು ನೆಟ್ಟಗೆ ಮಾಡಿಕೊಂಡರು. ಆ ಹೊತ್ತಿನಲ್ಲಿ ಅವರು ಮತ್ತೆ ನಮ್ಮ ಅಂಗಳದ ಮೇಡಂ ಆದರು. ಬೆರಳು ಎತ್ತಿ ಉತ್ತರ ಹೇಳಲು ಶುರು ಮಾಡಿ, ಅಲ್ಲೇ ತಡೆದು, ಬೆರಳನ್ನು ನನ್ನ ಕಡೆ ತಿರುಗಿಸಿದರು.

"ನೀವು ಹೇಳ್ಬೇಕಂತೆ ಅಕ್ಕಾ" ಎಂದಳು ಮುಮ್ತಾಜ್.

ಅಲ್ಲಿ ಬಾಗಿಲು ಇತ್ತು. ಪಕ್ಕಕ್ಕೆ ತಳ್ಳುವ ಬಾಗಿಲು, ಹಿಂದೆ ನಿಲ್ಲಲು ಜಾಗವಿಲ್ಲದ್ದು. ನಾನು ಒಮ್ಮೆ ಅದರ ಕಡೆ ನೋಡಿ, ಆಮೇಲೆ ಬಾಯಿ ಬಿಟ್ಟೆ.

"ರಾಗಿ ಹುಲ್ಲು."

ಹೋದ ಮಳೆಗಾಲದಲ್ಲಿ ಅದನ್ನು ಕಂಡುಕೊಂಡಿದ್ದೆ. ತಾತ ಇದನ್ನೇ ಕೇಳಿ ಬರೆದಿದ್ದಾರೆ ಎಂದು ನನಗೆ ಗೊತ್ತೇ ಇರಲಿಲ್ಲ. ಗೂಡು ಕಟ್ಟುವ ಮುಂಚೆ ಹುಳುಗಳು ಮೈಯ ನೀರೆಲ್ಲ ಬಿಡುತ್ತವೆ. ಮಳೆಗಾಲದಲ್ಲಿ ಆ ನೀರು ಆರುವುದಿಲ್ಲ, ತೇವಕ್ಕೆ ಹುಳು ಚಡಪಡಿಸುತ್ತದೆ. ಚಂದ್ರಿಕೆಯ ಕೆಳಗೆ ಒಣ ರಾಗಿ ಹುಲ್ಲನ್ನು ಗೇಣು ದಪ್ಪ ಹಾಸಿ, ಒದ್ದೆಯಾದ ಕೂಡಲೇ ಎಳೆದು ಬೇರೆ ಹಾಸಬೇಕು. ಗಾಳಿ ಬರುವ ಕಡೆಯ ಕಿಟಕಿ ಪೂರ್ತಿ ತೆಗೆಯಬಾರದು, ಒಂದು ಕೈ ಅಗಲ ಸಾಕು. ಮೊದಮೊದಲು ಮುಮ್ತಾಜ್ ಕಿವಿಗೆ ಹೇಳುತ್ತಿದ್ದವಳು, ಆಮೇಲೆ ನೇರವಾಗಿ ಸುಮಿಕೊ ಅಮ್ಮನ ಮುಖಕ್ಕೇ ಹೇಳಿದೆ, ಕೈಯಲ್ಲಿ ಹಾಸಿ, ಎಳೆದು, ಕಿಟಕಿ ತೆಗೆದು ತೋರಿಸಿದೆ. ರಾಗಿ ಎಂದರೇನು ಎಂದು ಕೆಂಜಿ ಕೇಳಿದಾಗ ಹುರಿಹಿಟ್ಟಿನ ಡಬ್ಬಿ ತಂದು ಎಲ್ಲರ ಅಂಗೈಗೂ ಒಂದು ಚಮಚ ಹಾಕಿದೆ. ಸುಮಿಕೊ ಅಮ್ಮ ಅದನ್ನು ನೆಕ್ಕಿ ಕಣ್ಣು ಮುಚ್ಚಿಕೊಂಡರು. ಮೇಲೂರು ನಾಲಿಗೆಗೆ ಬಂತಂತೆ.

ಆಮೇಲೆ ಅವರು ಮಾಡಿದ್ದನ್ನು ನೀವು ಮರೆಯಬಾರದು. ತಮ್ಮ ಹಳೆಯ ನೋಟ್ ಬುಕ್ ತರಿಸಿ, ಹೊಸ ಹಾಳೆ ತೆಗೆದು, ನಾನು ಹೇಳಿದ್ದನ್ನು ಮೊದಲಿನಿಂದ ಬರೆದುಕೊಂಡರು. ಬರೆದು ಮುಗಿಸಿ ಪೆನ್ನು ಎತ್ತಿ ನನ್ನನ್ನು ನೋಡಿದರು.

"ಯಾರು ಹೇಳಿದ್ದು ಅಂತ ಕೆಳಗೆ ಬರೀಬೇಕಂತೆ" ಎಂದಳು ಮುಮ್ತಾಜ್. "ಕಾಗದದ ತುಂಬ ಮನೆಯವಳು, ಮನೆಯವಳು ಅಂತಲೇ ಬರ್ದಿದ್ದಾರಂತೆ ನಿಮ್ಮೆಜಮಾನ್ರು."

ಸುಮಿಕೊ ಅಮ್ಮ ಅವಳನ್ನು ಕೈಯಿಂದ ತಡೆದರು. ಎಲ್ಲೋ ಇಟ್ಟಿದ್ದನ್ನು ಹುಡುಕಿ ತೆಗೆದವರ ಹಾಗೆ, ಅದೇ ಚೂರು ಕನ್ನಡದಲ್ಲಿ ಕೇಳಿದರು:

"ನಿನ್ನ ಹೆಸರೇನಮ್ಮಾ?"

"ಮುನಿರತ್ನಮ್ಮ" ಎಂದೆ. ಕೇಳಿಸುವ ಹಾಗೆ ಹೇಳಿದೆ.

ಅವರು ನೋಟ್ ಬುಕ್ಕಿನಲ್ಲಿ ಬರೆದುಕೊಂಡರು. ಕೆಂಜಿ ಲ್ಯಾಪ್‌ಟಾಪನ್ನು ತಮ್ಮ ಕಡೆ ತಿರುಗಿಸಿಕೊಂಡು, ನನ್ನ ಒಪ್ಪಿಗೆ ಕೇಳಿ, ತಾತನ ಕಾಗದದ ಕೊನೆಯಲ್ಲಿ ತಾತನ ಹೆಸರಿನ ಕೆಳಗೆ ಅದನ್ನೇ ಟೈಪ್ ಮಾಡಿದರು. ಕನ್ನಡದಲ್ಲಿ ಐದು ಅಕ್ಷರದವಳು ನಾನು. ಅವರ ಬರಹದಲ್ಲಿ ಏಳು ಮನೆ ತುಂಬಿದೆ.

ಮತ್ತೆ ಮೇಲೂರು

ಬಂದು ಇಳಿದ ದಿನ ಚಪ್ಪರದ ಕೆಳಗೆ ನಿಂತು ಎಣಿಸಿದೆ. ಎಂಟು ಡಿಸ್ಕ್ ತಿರುಗುತ್ತಿದ್ದವು, ನಮ್ಮ ಮದುವೆಯದೂ ಸೇರಿ. ಅದು ಅಲ್ಲೇ ಇರಲಿ, ಆ ದಿನ ನಾನು ಪೂರ್ತಿ ತಲೆ ಬಗ್ಗಿಸಿಕೊಂಡೇ ಇದ್ದೆ, ನೋಡುವಂಥದ್ದೇನಿಲ್ಲ. ಒಂಬತ್ತನೆಯದು ನನ್ನ ಸೀರೆಯ ಪೆಟ್ಟಿಗೆಯಲ್ಲಿದೆ. ಅದನ್ನು ಮತ್ತೆ ಯಾರೂ ಕಟ್ಟಬೇಡಿ. ಗೊರವಂಕ ಎರಡು ಗೊಂಚಲು ಹೆಚ್ಚು ತಿಂದರೆ ತಿನ್ನಲಿ.